ಟೊಮೆಟೊ ಬಾಕ್ಸಿನಿಂದ ನಿಫ್ಟಿಯವರೆಗೆ: ಎಕನೊಮೆಟ್ರಿಕ್ಸ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಭಾನುವಾರ ಬೆಳಿಗ್ಗೆ ಒಂದಷ್ಟು ಎಂ.ಎ., ಎಂ.ಕಾಂ. ವಿದ್ಯಾರ್ಥಿಗಳಿಗೆ ಎಕನೊಮೆಟ್ರಿಕ್ಸ್ ಹೇಳಿಕೊಡುತ್ತೇನೆ. ಬಂಗಾರಪೇಟೆ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯಿಂದ ಬರುತ್ತಾರೆ. ಪ್ರತಿ ವರ್ಷ ಮುಖ ಹೊಸದು, ಪ್ರಶ್ನೆ ಹಳೆಯದು. ಹೇಳಿ ಹೇಳಿ ಗಂಟಲು ಒಣಗಿದ್ದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ಎಕನೊಮೆಟ್ರಿಕ್ಸ್ ಅಂದರೆ ಏನು? ಷೇರು ಮಾರುಕಟ್ಟೆಗೂ ಅದಕ್ಕೂ ಏನು ನಂಟು?

ಬಡ್ಡಿ ಏರಿದರೆ ಷೇರು ಬೆಲೆ ಇಳಿಯುತ್ತದೆ ಅಂತ ಅರ್ಥಶಾಸ್ತ್ರ ಹೇಳುತ್ತದೆ. ಸರಿ, ಎಷ್ಟು ಇಳಿಯುತ್ತದೆ? ಎಷ್ಟು ದಿನದಲ್ಲಿ? ಪ್ರತಿ ಸಲವೂ ಇಳಿಯುತ್ತದಾ? ಇಳಿದದ್ದು ಬಡ್ಡಿಯಿಂದಲೇ ಅಂತ ಯಾರು ಹೇಳಿದರು? ಅಂಕಿಅಂಶ ಮುಂದಿಟ್ಟುಕೊಂಡು ಇದಕ್ಕೆಲ್ಲ ಉತ್ತರ ಹುಡುಕುವುದೇ ಎಕನೊಮೆಟ್ರಿಕ್ಸ್. ದೇಶದ ಜಿಡಿಪಿ ಲೆಕ್ಕ ಮೂರು ತಿಂಗಳಿಗೊಮ್ಮೆ ಬರುತ್ತದೆ. ಷೇರು, ಬಾಂಡ್, ಡಾಲರ್, ಚಿನ್ನದ ಬೆಲೆ ಪ್ರತಿ ಕ್ಷಣ ಬರುತ್ತದೆ. ಹಾಗಾಗಿ ಹಣಕಾಸು ಮಾರುಕಟ್ಟೆಯಲ್ಲಿ ಕಾಳಿಗೇನೂ ಬರವಿಲ್ಲ. ಹೊಟ್ಟು ಅದಕ್ಕಿಂತ ಜಾಸ್ತಿ, ಕಷ್ಟ ಇರುವುದು ಅಲ್ಲೇ.

ಇದನ್ನು ಕಲಿತರೆ ಷೇರಿನಲ್ಲಿ ದುಡ್ಡು ಮಾಡಬಹುದಾ, ಮೇಡಂ?

ಕೆಲವರು ನೇರವಾಗಿ ಕೇಳುತ್ತಾರೆ, ಕೆಲವರು ಸುತ್ತಿ ಬಳಸಿ ಕೇಳುತ್ತಾರೆ. ದಯವಿಟ್ಟು ಅದಕ್ಕಾಗಿ ಬರಬೇಡಿ. ಷೇರು ಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ (ಮುಂದಿನ ದಿನದ ಬೆಲೆಯ ಮೇಲೆ ಈಗಲೇ ಮಾಡುವ ಕರಾರುಗಳಲ್ಲಿ) ಕೈಹಾಕಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ನಾಳೆಯ ಬೆಲೆ ಹೇಳಲು ಆಗುತ್ತದಾ ಎಂಬ ಜಗಳವೂ ಹಳೆಯದೇ. ಲೂಯಿ ಬಾಷೆಲಿಯೆ ಎಂಬಾತ 1900ರಲ್ಲೇ ಪ್ಯಾರಿಸ್ಸಿನಲ್ಲಿ ಬರೆದ ಪ್ರಬಂಧದಲ್ಲಿ, ಬೆಲೆಯ ಏರಿಳಿತ ನಾಣ್ಯ ಚಿಮ್ಮಿದ ಹಾಗೆ ಅಂತ ಲೆಕ್ಕ ಕಟ್ಟಿದ. ಗೊತ್ತಿರುವ ಸುದ್ದಿಯೆಲ್ಲ ಬೆಲೆಯಲ್ಲಿ ಆಗಲೇ ಸೇರಿಬಿಟ್ಟಿರುತ್ತದೆ ಎಂದು ಯೂಜೀನ್ ಫಾಮಾ ವಾದಿಸಿದರು. ಜನ ಅತಿಯಾಗಿ ಹಿಗ್ಗುತ್ತಾರೆ, ಅತಿಯಾಗಿ ಹೆದರುತ್ತಾರೆ, ಬೆಲೆ ಅದರ ಜೊತೆ ತೂಗಾಡುತ್ತದೆ ಎಂದು ರಾಬರ್ಟ್ ಶಿಲ್ಲರ್ ತೋರಿಸಿದರು. 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಈ ಇಬ್ಬರಿಗೂ, ಜೊತೆಗೆ ಲಾರ್ಸ್ ಹ್ಯಾನ್ಸನ್‌ಗೂ ಒಟ್ಟಿಗೇ ಬಂತು. ವಾದಿಗೂ ಪ್ರತಿವಾದಿಗೂ ಒಂದೇ ವೇದಿಕೆಯಲ್ಲಿ ಹಾರ ಹಾಕಿದ ಹಾಗೆ!

ಈ ವಿದ್ಯೆಯಿಂದ ಒಂದು ಲಾಭ ಖಂಡಿತ ಇದೆ. ಮೊಬೈಲಿಗೆ ಬರುವ 'ನೂರಕ್ಕೆ ತೊಂಬತ್ತು ಗ್ಯಾರಂಟಿ' ಟಿಪ್ಪಿನಲ್ಲಿ ಓಟೆ ಎಲ್ಲಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಗಣಿತ ಎಷ್ಟು ಬೇಕು? ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು.

ಸರಾಸರಿ, ವೇರಿಯನ್ಸ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಲಾಗರಿದಮ್, ಸರಳ ರೇಖೆಯ ಸಮೀಕರಣ. ಶುರುಮಾಡಲು ಇಷ್ಟು ಸಾಕು. ಆರು ತಿಂಗಳಾದ ಮೇಲೆ ಮ್ಯಾಟ್ರಿಕ್ಸ್ ಬೇಕೇ ಬೇಕು, ಆಗ ಕಲಿಸುತ್ತೇನೆ. ಭಾಷೆಯ ಭಯ ಬೇಡ. 'ರಿಗ್ರೆಷನ್' (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಲೆಕ್ಕ) ಎಂಬ ಪದ ಹಾಗೇ ಇರಲಿ, ಅದಕ್ಕೆ ಕಬ್ಬಿಣದ ಕಡಲೆಯಂಥ ಅನುವಾದ ಹುಡುಕಿ ಯಾರಿಗೂ ಉಪಕಾರವಿಲ್ಲ. ಆದರೆ ರಿಗ್ರೆಷನ್ ಏನು ಹೇಳಿತು ಅನ್ನುವುದನ್ನು ನಿಮ್ಮ ಮನೆಯವರಿಗೆ ಅರ್ಥವಾಗುವ ಹಾಗೆ ಎರಡು ಸಾಲು ಕನ್ನಡದಲ್ಲಿ ಬರೆದು ತೋರಿಸಬೇಕು. ಇಂಗ್ಲಿಷ್ ಮಾಧ್ಯಮದವರು ಇಲ್ಲೇ ಜಾಸ್ತಿ ತಡವರಿಸುತ್ತಾರೆ.

ಷೇರು ಮಾರುಕಟ್ಟೆ ಕಲಿಯೋಣ ಅಂತ ಬಂದರೆ ಟೊಮೆಟೊ ಯಾಕೆ?

ಬೆಲೆ ಯಾಕೆ ಏರಿತು ಅಂತ ನಿಮಗೆ ಮೊದಲೇ ಗೊತ್ತಿರುವ ಜಾಗ ಅದು, ಅದಕ್ಕೆ. ನಮ್ಮ ಎಪಿಎಂಸಿಗೆ ಬೆಳಿಗ್ಗೆ ಹೋಗಿ ನೋಡಿ. ಸಾಲಾಗಿ ಪೇರಿಸಿದ ಬಾಕ್ಸು, ಕೂಗಿ ಕೂಗಿ ಒಡೆದ ದನಿಯಲ್ಲಿ ಹರಾಜು, ಹೊರರಾಜ್ಯಕ್ಕೆ ಹೊರಡಲು ನಿಂತ ಲಾರಿಗಳು. ಒಂದು ಲಾಟಿನ ಬೆಲೆ ನಿಂತದ್ದೇ ತಡ, ಪಕ್ಕದವನ ಕೈ ಮೊಬೈಲಿಗೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಆಂಧ್ರದ ಮದನಪಲ್ಲಿ ಮಂಡಿಗೂ ಆ ಸುದ್ದಿ ಮುಟ್ಟಿರುತ್ತದೆ. ಮಳೆ, ರೋಗ, ಹೊರಗಿನ ಬೇಡಿಕೆ, ಹಬ್ಬ, ಎಲ್ಲ ನಿಮ್ಮ ಕಣ್ಣೆದುರೇ ನಡೆಯುತ್ತದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಯಾಕೆ ಅಂತ ಮುಳಬಾಗಿಲಿನ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಷೇರು ಸೂಚ್ಯಂಕ ನಿಫ್ಟಿ 200 ಅಂಶ ಬಿದ್ದಾಗ ಮಾತ್ರ ಸಂಜೆ ಟಿವಿಯವರು ಕಟ್ಟಿದ ಕಾರಣವನ್ನೇ ನಾವು ನಂಬಬೇಕು.

ಮಾದರಿ (ಮಾಡೆಲ್) ತಪ್ಪು ಉತ್ತರ ಕೊಟ್ಟರೆ ಟೊಮೆಟೊದಲ್ಲಿ ನಿಮಗೆ ತಕ್ಷಣ ಗೊತ್ತಾಗುತ್ತದೆ. ಷೇರಿನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ಎರಡು ತಿಂಗಳು ನನ್ನ ತರಗತಿಯಲ್ಲಿ ನಿಫ್ಟಿಯ ಹೆಸರೇ ಎತ್ತುವುದಿಲ್ಲ. ಇದು ಗೀಳು ಅಂತ ಕೆಲವರು ನಗುತ್ತಾರೆ, ನಗಲಿ. ಬೆಲೆಗಳ ಬಾಲ ದಪ್ಪ, ಅಂದರೆ ತೀರಾ ದೊಡ್ಡ ಏರಿಳಿತ ನಾವೆಣಿಸಿದ್ದಕ್ಕಿಂತ ಹೆಚ್ಚು ಸಲ ಬರುತ್ತದೆ ಅಂತ ಬೆನುವಾ ಮ್ಯಾಂಡೆಲ್‌ಬ್ರಾಟ್ 1963ರಲ್ಲಿ ಕಂಡುಕೊಂಡದ್ದು ಷೇರಿನಲ್ಲಲ್ಲ, ಹತ್ತಿಯ ಬೆಲೆಯಲ್ಲಿ.

ಬೆಲೆಯನ್ನೇ ಹಾಕಿ ಲೆಕ್ಕ ಮಾಡದೆ ರಿಟರ್ನ್ ಯಾಕೆ? ಅದರಲ್ಲೂ ಲಾಗ್ ಯಾಕೆ?

ರಿಟರ್ನ್ ಅಂದರೆ ಬೆಲೆಯಲ್ಲಾದ ಶೇಕಡಾವಾರು ಬದಲಾವಣೆ. ಸೋಮವಾರ ಬಾಕ್ಸು 400 ರೂಪಾಯಿ. ಮಂಗಳವಾರ 500. ಅಂದರೆ 25% ಏರಿಕೆ. ಬುಧವಾರ ಮತ್ತೆ 400. ಈಗ 20% ಇಳಿಕೆ. ಕೂಡಿದರೆ 5% ಲಾಭ ಅಂತ ಬರುತ್ತದೆ, ಆದರೆ ಬೆಲೆ ಹೊರಟಲ್ಲೇ ನಿಂತಿದೆ! ಬೆಲೆಗಳ ನ್ಯಾಚುರಲ್ ಲಾಗ್ ತೆಗೆದು ವ್ಯತ್ಯಾಸ ನೋಡಿದರೆ ಏರಿದ್ದು 0.223, ಇಳಿದದ್ದೂ 0.223. ಕೂಡಿದರೆ ಸೊನ್ನೆ. ಅಷ್ಟೇ ಗುಟ್ಟು. ಬೆಲೆಯನ್ನೇ ಯಾಕೆ ಹಾಕಬಾರದು ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ. ಇಡೀ ಪುಟದಲ್ಲಿ ಒಂದನ್ನೇ ಓದುವುದಾದರೆ ಅದನ್ನು ಓದಿ.

ನನಗೆ ಆರ್-ಸ್ಕ್ವೇರ್ 0.93 ಬಂದಿದೆ. ಪ್ರಾಜೆಕ್ಟ್ ಗೆದ್ದ ಹಾಗೇ ಅಲ್ವಾ?

ನನಗೂ ಒಮ್ಮೆ ಹಾಗೇ ಅನ್ನಿಸಿತ್ತು. ಎಂ.ಎ. ಪ್ರಬಂಧಕ್ಕೆ ಚಿನ್ನದ ಬೆಲೆಯನ್ನು ಸೆನ್ಸೆಕ್ಸ್ ಮೇಲೆ ರಿಗ್ರೆಸ್ ಮಾಡಿದ್ದೆ. ತಿಂಗಳ ಸರಾಸರಿ, ಹತ್ತು ವರ್ಷದ್ದು. ಆರ್-ಸ್ಕ್ವೇರ್ (ಒಂದರ ಏರಿಳಿತದಲ್ಲಿ ಎಷ್ಟು ಪಾಲನ್ನು ಇನ್ನೊಂದು ವಿವರಿಸುತ್ತದೆ ಎಂಬ ಅಳತೆ, 1 ಅಂದರೆ ಪೂರ್ತಿ) 0.9ರ ಮೇಲೆ, ಸಂಬಂಧ ಬರೀ ಆಕಸ್ಮಿಕವೋ ಅಂತ ಪರೀಕ್ಷಿಸುವ ಟಿ-ವ್ಯಾಲ್ಯೂ ಎರಡಂಕಿ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ವೈವಾಕ್ಕೆ ಬಂದ ಹಿರಿಯರು ಪುಟ ತಿರುವಿ, 'ಅಮ್ಮಾ, ಇದೇ ಹತ್ತು ವರ್ಷದಲ್ಲಿ ನಿಮ್ಮೂರಿನ ತೆಂಗಿನ ಮರ ಎಷ್ಟು ಎತ್ತರ ಬೆಳೆಯಿತು? ಅದನ್ನೂ ಹಾಕಿ ನೋಡು' ಅಂದರು. ಮನೆಗೆ ಹೋಗಿ ಚಿನ್ನ, ಸೆನ್ಸೆಕ್ಸ್ ಎರಡೂ ಸಾಲುಗಳ (ಕಾಲಕ್ರಮದಲ್ಲಿ ಜೋಡಿಸಿದ ಅಂಕಿಗಳ) ತಿಂಗಳ ಬದಲಾವಣೆ ತೆಗೆದು ಮತ್ತೆ ಓಡಿಸಿದೆ. ಆರ್-ಸ್ಕ್ವೇರ್ ಸೊನ್ನೆಯ ಹತ್ತಿರ ಬಂದು ಕೂತಿತು. ಆ ರಾತ್ರಿ ಊಟ ಸೇರಲಿಲ್ಲ.

ಈ ರೋಗಕ್ಕೆ ದೊಡ್ಡ ಇತಿಹಾಸವಿದೆ. 1926ರಲ್ಲಿ ಉಡ್ನಿ ಯೂಲ್ ಇಂಗ್ಲೆಂಡಿನ 1866ರಿಂದ 1911ರವರೆಗಿನ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟರು. ಒಂದು ಜನರ ಸಾವಿನ ಪ್ರಮಾಣ. ಇನ್ನೊಂದು ಒಟ್ಟು ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದವು ಎಷ್ಟು ಅನ್ನುವುದು. ಕೋರಿಲೇಷನ್ (ಎರಡು ಸಾಲು ಎಷ್ಟು ಜೊತೆಜೊತೆಗೆ ಸಾಗುತ್ತವೆ ಎಂಬ ಅಳತೆ) 0.95! ಚರ್ಚಿನಲ್ಲಿ ಮದುವೆಯಾದರೆ ಊರಿನವರು ಸಾಯುತ್ತಾರಾ? ಎರಡೂ ಅದೇ ಕಾಲದಲ್ಲಿ ಇಳಿಯುತ್ತಿದ್ದವು, ಅಷ್ಟೇ. 1974ರಲ್ಲಿ ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ, ಹೆಜ್ಜೆ ಹೆಜ್ಜೆಗೂ ಆಕಸ್ಮಿಕವಾಗಿ ಅಲೆಯುವ ಎರಡು ರ‍್ಯಾಂಡಮ್ ವಾಕ್‌ಗಳನ್ನು ರಿಗ್ರೆಸ್ ಮಾಡಿದರೆ ನಾಲ್ಕರಲ್ಲಿ ಸುಮಾರು ಮೂರು ಸಲ 'ಸಂಬಂಧ ಇದೆ' ಅಂತಲೇ ಉತ್ತರ ಬಂತು.

ನೀವೂ ಮಾಡಿ ನೋಡಬಹುದು. ಎಕ್ಸೆಲ್‌ನಲ್ಲಿ ಎರಡು ಕಾಲಂಗೆ 0 ಮತ್ತು 1ರ ನಡುವಿನ ಇನ್ನೂರು ಇನ್ನೂರು ರ‍್ಯಾಂಡಮ್ ಅಂಕಿ ತುಂಬಿ. ಪ್ರತಿಯೊಂದರಿಂದ ಅರ್ಧ (0.5) ಕಳೆದು, ಮೇಲಿಂದ ಕೆಳಕ್ಕೆ ಕೂಡುತ್ತಾ ಬನ್ನಿ. ಗ್ರಾಫ್ ಹಾಕಿ. ಎರಡು ಷೇರುಗಳ ಹಾಗೇ ಕಾಣುತ್ತವೆ. ತರಗತಿಯಲ್ಲಿ ಒಮ್ಮೆ ಇಂಥ ಗ್ರಾಫ್ ತೋರಿಸಿ ಇದು ಯಾವ ಕಂಪನಿ ಅಂತ ಕೇಳಿದೆ. ಇಬ್ಬರು ಹೆಸರನ್ನೇ ಹೇಳಿಬಿಟ್ಟರು. ಹೀಗೆ ಒಂದು ಜಾಗಕ್ಕೆ ಮರಳದೆ ಅಲೆಯುವ ಸಾಲಿಗೆ 'ಸ್ಟೇಷನರಿ ಅಲ್ಲ' ಅನ್ನುತ್ತಾರೆ. ಬೆಲೆಯ ಬದಲು ಬೆಲೆಯ ಬದಲಾವಣೆಯನ್ನು ಹಾಕುವುದು ಅದಕ್ಕೇ.

ಹಾಗಾದರೆ ಸ್ಟೇಷನರಿ ಹೌದೋ ಅಲ್ಲವೋ ಅಂತ ಹೇಗೆ ತಿಳಿಯುವುದು?

ಸರಾಸರಿಯೂ ಏರಿಳಿತವೂ ಕಾಲಕ್ಕೆ ತಕ್ಕಂತೆ ಬದಲಾಗದೆ, ಎಷ್ಟೇ ದೂರ ಹೋದರೂ ತನ್ನ ಜಾಗಕ್ಕೆ ಮರಳುವ ಸಾಲು ಸ್ಟೇಷನರಿ. ಮೊದಲು ಗ್ರಾಫ್ ನೋಡಿ. ಆಮೇಲೆ ಎಡಿಎಫ್ ಟೆಸ್ಟ್. ಡೇವಿಡ್ ಡಿಕಿ ಮತ್ತು ವೇಯ್ನ್ ಫುಲ್ಲರ್ 1979ರಲ್ಲಿ ಪ್ರಕಟಿಸಿದ ಪರೀಕ್ಷೆಯ ಮುಂದುವರಿಕೆ ಇದು. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಶುರುವಿನ ಊಹೆಯೇ 'ಸ್ಟೇಷನರಿ ಅಲ್ಲ' ಅಂತ. ಪಿ-ವ್ಯಾಲ್ಯೂ (ಊಹೆ ನಿಜವಾಗಿದ್ದರೆ ಇಂಥ ಅಂಕಿ ಬರುವ ಸಾಧ್ಯತೆ) ಚಿಕ್ಕದಿದ್ದರೆ ಆ ಊಹೆ ಬಿತ್ತು, ಸಾಲು ಸ್ಟೇಷನರಿ ಅಂತ ಅರ್ಥ. ಅರ್ಧ ತರಗತಿ ಇದನ್ನು ಉಲ್ಟಾ ಓದುತ್ತದೆ. ಎರಡು, ಇಲ್ಲಿ ಮಾಮೂಲಿ 1.96 ನಡೆಯುವುದಿಲ್ಲ. ಕಾನ್‌ಸ್ಟಂಟ್ ಮಾತ್ರ ಇರುವ ಮಾದರಿಗೆ 5% ಮಟ್ಟದಲ್ಲಿ ಗಡಿ ಸುಮಾರು ಮೈನಸ್ 2.86, ಅದಕ್ಕಿಂತ ಕೆಳಗೆ ಇಳಿಯಬೇಕು. ಮೈನಸ್ 2.3 ಬಂತು ಅಂತ ಸಿಹಿ ಹಂಚಬೇಡಿ.

ಬೆಲೆ ಸ್ಟೇಷನರಿ ಅಲ್ಲದಿದ್ದರೆ ಎರಡು ಮಾರುಕಟ್ಟೆಗಳ ಬೆಲೆಯನ್ನು ಹೋಲಿಸಲೇಬಾರದಾ?

ಹೋಲಿಸಬಹುದು, ಅದಕ್ಕೇ ಕೋಇಂಟಿಗ್ರೇಷನ್ ಇರುವುದು. ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತು ನೆನೆಸಿಕೊಳ್ಳಿ. ಹೊಲದಲ್ಲಿ ಎಲ್ಲಿಗೆ ಹೋಗುತ್ತವೋ ಹೇಳಲಾಗದು, ಆದರೆ ಒಂದರಿಂದ ಇನ್ನೊಂದು ದೂರ ಹೋಗಲಾರದು. ಕೋಲಾರ ಮತ್ತು ಮದನಪಲ್ಲಿಯ ಟೊಮೆಟೊ ಬೆಲೆ ಹೀಗಿರಬೇಕು ಅನ್ನುವುದು ಊಹೆ. ಅಲ್ಲಿ ರೇಟು ಜಾಸ್ತಿಯಾದರೆ ಗಡಿಭಾಗದ ರೈತ ಗಾಡಿಯನ್ನು ಅತ್ತ ತಿರುಗಿಸುತ್ತಾನೆ. ಅಲ್ಲಿ ಮಾಲು ಜಾಸ್ತಿ, ಇಲ್ಲಿ ಕಡಿಮೆ. ಅಂತರ ತಾನಾಗಿ ಮುಚ್ಚುತ್ತದೆ. ಪೂರ್ತಿ ಮುಚ್ಚುವುದಿಲ್ಲ, ಡೀಸೆಲ್ ಖರ್ಚಿನಷ್ಟು ಉಳಿಯುತ್ತದೆ.

ಷೇರು ಪೇಟೆಯಲ್ಲಿ ಇದರ ಒಳ್ಳೆಯ ಉದಾಹರಣೆ ನಿಫ್ಟಿ ಮತ್ತು ನಿಫ್ಟಿ ಫ್ಯೂಚರ್ಸ್. ಎನ್‌ಎಸ್‌ಇಯಲ್ಲಿ ಈ ಫ್ಯೂಚರ್ಸ್ 2000ದ ಜೂನ್‌ನಲ್ಲಿ ಶುರುವಾಯಿತು. ಎಕ್ಸ್‌ಪೈರಿ ದಿನ, ಅಂದರೆ ಕರಾರು ಮುಗಿಯುವ ದಿನ ಎರಡೂ ಒಂದಾಗಲೇಬೇಕು, ನೊಗ ಅದೇ. ಮಾಡುವ ಕ್ರಮವನ್ನು ರಾಬರ್ಟ್ ಎಂಗಲ್ ಮತ್ತು ಗ್ರೇಂಜರ್ 1987ರಲ್ಲಿ ಕೊಟ್ಟರು. ಬೆಲೆಯನ್ನು ಬೆಲೆಯ ಮೇಲೆ ರಿಗ್ರೆಸ್ ಮಾಡಿ, ಉಳಿದ ಶೇಷ (ಲೆಕ್ಕ ಹೇಳಿದ ಬೆಲೆಗೂ ನಿಜವಾದ ಬೆಲೆಗೂ ಇರುವ ವ್ಯತ್ಯಾಸ) ಸ್ಟೇಷನರಿಯಾ ಅಂತ ನೋಡಬೇಕು. ಎರಡೇ ಸಾಲು ಇದ್ದಾಗ ಇಲ್ಲಿ ಗಡಿ ಇನ್ನೂ ಬಿಗಿ, ಸುಮಾರು ಮೈನಸ್ 3.34. ಮೂರು ನಾಲ್ಕು ಮಾರುಕಟ್ಟೆ ಸೇರಿದರೆ ಯೋಹಾನ್‌ಸೆನ್ ವಿಧಾನಕ್ಕೆ ಹೋಗಿ.

'ಗ್ರೇಂಜರ್ ಕಾಸಾಲಿಟಿ' ಬಂದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಬರೆಯಬಹುದಾ?

ಬೇಡ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಅಂದುಕೊಂಡ ಅಜ್ಜಿಯ ಕಥೆ ಗೊತ್ತಲ್ವಾ? ಆ ಅಜ್ಜಿ ಗ್ರೇಂಜರ್ ಟೆಸ್ಟ್ ಮಾಡಿದ್ದರೆ ಅವಳೇ ಗೆಲ್ಲುತ್ತಿದ್ದಳು. ಕೋಳಿಯ ಕೂಗು ಬೆಳಗನ್ನು ಮುಂಚಿತವಾಗಿ ಹೇಳುತ್ತದೆ, ನಿಜ. ಬೆಳಗು ಮಾಡಿಸುವುದಿಲ್ಲ. 'ಇದರ ನಿನ್ನೆಯ ಬೆಲೆ ಅದರ ಇಂದಿನ ಬೆಲೆಯನ್ನು ಊಹಿಸಲು ನೆರವಾಗುತ್ತದೆ' ಅಂತ ಬರೆಯಿರಿ, ಸಾಕು.

ಗಾರ್ಚ್ ಅಂದರೆ ಏನು? ಎಲ್ಲರ ಪ್ರಬಂಧದಲ್ಲೂ ಅದೇ ಇದೆಯಲ್ಲ?

ಇದೆ, ಅರ್ಧಕ್ಕರ್ಧ ಸುಮ್ನೆ ಇದೆ. ನಾಳೆಯ ಏರಿಳಿತ ಎಷ್ಟು ಜೋರಾಗಿರುತ್ತದೆ ಅಂತ ಅಂದಾಜು ಮಾಡುವ ಮಾದರಿ ಅದು. ಆದರೆ ಅದರ ಹಿಂದಿನ ಯೋಚನೆ ಚೆಂದ. ಊರ ಜಾತ್ರೆ ಮುಗಿದ ಮಾರನೇ ದಿನವೂ ಬೀದಿಯಲ್ಲಿ ಧೂಳು ಏಳುತ್ತಲೇ ಇರುತ್ತದೆ. ಮಾರುಕಟ್ಟೆಯೂ ಹಾಗೆ, ದೊಡ್ಡ ಏರಿಳಿತದ ಬೆನ್ನಿಗೇ ಮತ್ತೆ ಕೆಲವು ದೊಡ್ಡ ಏರಿಳಿತಗಳು ಬರುತ್ತವೆ.

ಕೊರೋನಾ ದಿನಗಳನ್ನೇ ತೆಗೆದುಕೊಳ್ಳಿ. 2020ರ ಮಾರ್ಚ್ 13ರ ಬೆಳಿಗ್ಗೆ ಸೂಚ್ಯಂಕ 10% ಕುಸಿದು ವಹಿವಾಟನ್ನೇ 45 ನಿಮಿಷ ನಿಲ್ಲಿಸಿದರು. ಅದೇ ದಿನ ಸಂಜೆಗೆ ಏರಿಕೆಯಲ್ಲಿ ಮುಗಿಯಿತು. ಮಾರ್ಚ್ 23ರಂದು ಸೆನ್ಸೆಕ್ಸ್ 3,934 ಅಂಶ ಬಿತ್ತು, ಅಂದರೆ 13%. ಏಪ್ರಿಲ್ 7ರಂದು ಸುಮಾರು 9% ಏರಿತು. ಮೇಲೋ ಕೆಳಗೋ ಯಾರಿಗೂ ಗೊತ್ತಿರಲಿಲ್ಲ, ಆದರೆ ಅಲುಗಾಟ ಜೋರಾಗಿರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಎಂಗಲ್ 1982ರಲ್ಲಿ ಬ್ರಿಟನ್ನಿನ ಹಣದುಬ್ಬರದ ಅಂಕಿಗಳಲ್ಲಿ ಇದನ್ನು ಹಿಡಿದು 'ಆರ್ಚ್' ಮಾದರಿ ಕೊಟ್ಟರು. 1986ರಲ್ಲಿ ಟಿಮ್ ಬೊಲ್ಲರ್‌ಸ್ಲೆವ್ ಅದನ್ನು 'ಗಾರ್ಚ್' ಮಾಡಿದರು. ಎಂಗಲ್ ಮತ್ತು ಗ್ರೇಂಜರ್ 2003ರಲ್ಲಿ ನೊಬೆಲ್ ಹಂಚಿಕೊಂಡರು.

ಲೆಕ್ಕ ಹೀಗಿದೆ. ನಾಳೆಯ ವೇರಿಯನ್ಸ್ = ಒಂದು ಸ್ಥಿರಾಂಕ + ಆಲ್ಫಾ × ಇಂದಿನ ಆಘಾತದ (ನಿರೀಕ್ಷೆ ಮೀರಿದ ಏರಿಳಿತದ) ವರ್ಗ + ಬೀಟಾ × ಇಂದಿನ ವೇರಿಯನ್ಸ್. ಉದಾಹರಣೆಗೆ ಸ್ಥಿರಾಂಕ 0.02, ಆಲ್ಫಾ 0.08, ಬೀಟಾ 0.90 ಇಟ್ಟುಕೊಳ್ಳೋಣ. ಮಾಮೂಲಿ ದಿನದ ವೇರಿಯನ್ಸ್ 1, ಅಂದರೆ ದಿನಕ್ಕೆ 1% ಅಲುಗಾಟ. ಇವತ್ತು ಇದ್ದಕ್ಕಿದ್ದಂತೆ 5% ಬಿತ್ತು. ನಾಳೆಗೆ 0.02 + 0.08 × 25 + 0.90 × 1 = 2.92. ವರ್ಗಮೂಲ ತೆಗೆದರೆ ಸುಮಾರು 1.7%. ಒಂದೇ ಏಟಿಗೆ ಅಲುಗಾಟ ಸುಮಾರು 70% ಹೆಚ್ಚಾಯಿತು. ಧೂಳು ಯಾವಾಗ ಇಳಿಯುತ್ತದೆ? ಆಲ್ಫಾ, ಬೀಟಾ ಕೂಡಿದರೆ 0.98. ಹೆಚ್ಚಾದ ವೇರಿಯನ್ಸ್ ಅರ್ಧಕ್ಕೆ ಇಳಿಯಲು ಸುಮಾರು 34 ವಹಿವಾಟಿನ ದಿನ ಬೇಕು. ಈ ಒಂದು ಲೆಕ್ಕವನ್ನು ಕೈಯಲ್ಲಿ ಮಾಡದೆ ಯಾರಿಗೂ ನಾನು ಸಾಫ್ಟ್‌ವೇರ್ ಮುಟ್ಟಲು ಬಿಡುವುದಿಲ್ಲ.

ಇನ್ನೊಂದು ಮಾತು. ದಿನದ ಅಲುಗಾಟ 1% ಇರುವ ನಾರ್ಮಲ್ ವಿತರಣೆಯಲ್ಲಿ (ಗಂಟೆಯಾಕಾರದ ರೇಖೆಯಲ್ಲಿ) 13% ಕುಸಿತ ವಿಶ್ವ ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಮ್ಮೆಯೂ ಆಗಬಾರದು. ನಾವು ಕಣ್ಣಾರೆ ನೋಡಿದೆವು. ಹಾಗಾಗಿ ಗಾರ್ಚ್ ಹಾಕುವಾಗಲೂ ಸ್ಟೂಡೆಂಟ್-ಟಿ ಥರದ ದಪ್ಪ ಬಾಲದ ವಿತರಣೆ ಆರಿಸಿ.

ಚುನಾವಣೆ, ಬಜೆಟ್ ಇವುಗಳ ಪರಿಣಾಮ ಅಳೆಯುವುದು ಹೇಗೆ?

ಅದಕ್ಕೆ ಈವೆಂಟ್ ಸ್ಟಡಿ ಇದೆ. ಘಟನೆ ನಡೆಯದಿದ್ದರೆ ರಿಟರ್ನ್ ಎಷ್ಟಿರುತ್ತಿತ್ತು ಅಂತ ಅಂದಾಜು ಮಾಡಿ, ನಿಜವಾಗಿ ಬಂದದ್ದರಿಂದ ಕಳೆಯಬೇಕು. ಕಷ್ಟ ಇರುವುದು ಘಟನೆಯ ದಿನ ಯಾವುದು ಅಂತ ಹೇಳುವುದರಲ್ಲಿ. 2024ರ ಲೋಕಸಭಾ ಫಲಿತಾಂಶ ಜೂನ್ 4ರಂದು ಬಂತು, ನಿಫ್ಟಿ ಸುಮಾರು 6% ಬಿತ್ತು. ಆದರೆ ಜೂನ್ 1ರ ಸಂಜೆ ಎಕ್ಸಿಟ್ ಪೋಲ್ ಬಂದು, ಜೂನ್ 3ರಂದು ಆಗಲೇ 3% ಏರಿತ್ತು. ಮಾರುಕಟ್ಟೆ ಕುಣಿಯುವುದು ಸುದ್ದಿಗಲ್ಲ, ಸುದ್ದಿಗೂ ನಿರೀಕ್ಷೆಗೂ ಇರುವ ಅಂತರಕ್ಕೆ. ನಾಲ್ಕನೇ ತಾರೀಖು ಒಂದನ್ನೇ ನೋಡಿದರೆ ಅರ್ಧ ಕಥೆ ಮಾತ್ರ.

ಡೇಟಾ ಎಲ್ಲಿ ಸಿಗುತ್ತದೆ?

ಷೇರು, ಸೂಚ್ಯಂಕಕ್ಕೆ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣ. ಬಡ್ಡಿ, ಡಾಲರ್ ದರಕ್ಕೆ ರಿಸರ್ವ್ ಬ್ಯಾಂಕ್. ಮಂಡಿ ಬೆಲೆಗೆ ಕೇಂದ್ರದ ಅಗ್‌ಮಾರ್ಕ್‌ನೆಟ್, ನಮ್ಮ ರಾಜ್ಯದ ಕೃಷಿ ಮಾರಾಟವಾಹಿನಿ. ಎಲ್ಲ ಪುಕ್ಕಟೆ.

ಇಳಿಸಿಕೊಂಡ ಮೇಲೆ ಕಣ್ಣು ಬಿಟ್ಟು ನೋಡಿ. ಕಳೆದ ವರ್ಷ ಒಬ್ಬ ಹುಡುಗನ ಟೊಮೆಟೊ ಮಾದರಿ ಎರರ್ ಕೊಟ್ಟು ಕೊಟ್ಟು ನಿಲ್ಲುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡಿದ್ದ. ನೋಡಿದರೆ ಹಬ್ಬದ ರಜೆಯ ದಿನಗಳಿಗೆಲ್ಲ ಬೆಲೆ ಸೊನ್ನೆ ಅಂತ ತುಂಬಿದ್ದ. ಸೊನ್ನೆಗೆ ಲಾಗ್ ಎಲ್ಲಿಂದ ಬರಬೇಕು? ಮಂಡಿ ಮುಚ್ಚಿದೆ ಅಂದರೆ ಬೆಲೆ ಗೊತ್ತಿಲ್ಲ ಅಂತ, ಪುಕ್ಕಟೆ ಅಂತಲ್ಲ. ಇನ್ನೊಬ್ಬಳು ಬಾಕ್ಸಿನ ಬೆಲೆಯನ್ನೂ ಕ್ವಿಂಟಾಲ್ ಬೆಲೆಯನ್ನೂ ಒಂದೇ ಕಾಲಂಗೆ ಸುರಿದಿದ್ದಳು. 15 ಕೆಜಿ ಬಾಕ್ಸು 600 ರೂಪಾಯಿ ಅಂದರೆ ಕ್ವಿಂಟಾಲಿಗೆ 4,000. ಷೇರಿನಲ್ಲೂ ಇದೇ ಕಥೆ. ಒಂದಕ್ಕೊಂದು ಬೋನಸ್ (ಇರುವ ಪ್ರತಿ ಷೇರಿಗೆ ಇನ್ನೊಂದು ಪುಕ್ಕಟೆ) ಕೊಟ್ಟ ದಿನ ಬೆಲೆ ಅರ್ಧವಾಗುತ್ತದೆ, ಸರಿಹೊಂದಿಸದಿದ್ದರೆ ನಿಮ್ಮ ಮಾದರಿ ಅದನ್ನು ಮಹಾಕುಸಿತ ಅಂದುಕೊಳ್ಳುತ್ತದೆ. ಇವತ್ತಿನ ನಿಫ್ಟಿ ಪಟ್ಟಿ ಹಿಡಿದು ಇಪ್ಪತ್ತು ವರ್ಷದ ಹಿಂದಕ್ಕೆ ಹೋಗುವುದೂ ತಪ್ಪು. 2009ರ ಜನವರಿಯಲ್ಲಿ ಹಗರಣ ಹೊರಬಿದ್ದ ಮೇಲೆ ಸತ್ಯಂ ಕಂಪನಿ ಪಟ್ಟಿಯಿಂದ ಹೋಯಿತು. ಬದುಕಿ ಉಳಿದವರನ್ನೇ ಎಣಿಸಿದರೆ ಷೇರು ಯಾವಾಗಲೂ ಲಾಭದ್ದೇ ಅನ್ನಿಸುತ್ತದೆ.

ಯಾವ ಸಾಫ್ಟ್‌ವೇರ್? ನನ್ನ ಲ್ಯಾಪ್‌ಟಾಪ್ ಹಳೆಯದು.

ಗ್ರೆಟ್ಲ್. ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆಮೇಲೆ ಆರ್ ಅಥವಾ ಪೈಥಾನ್. ಕಳ್ಳ ಪ್ರತಿ ಬೇಡ.

ಈಗ ಎಐ ಬಂದಿದೆ. ಇದೆಲ್ಲ ಇನ್ನೂ ಬೇಕಾ?

ಕೋಡ್ ಬರೆಯಲು ಬಳಸಿ, ನನ್ನ ತಕರಾರಿಲ್ಲ. ಆದರೆ ಸಂಬಂಧವಿಲ್ಲದ ಇಪ್ಪತ್ತು ಉಪಾಯಗಳನ್ನು 5% ಮಟ್ಟದಲ್ಲಿ ಪರೀಕ್ಷಿಸಿದರೆ ಸರಾಸರಿ ಒಂದು ಸುಮ್ಮಸುಮ್ಮನೆ ಪಾಸಾಗುತ್ತದೆ. ಯಂತ್ರ ಇಪ್ಪತ್ತರ ಬದಲು ಇಪ್ಪತ್ತು ಸಾವಿರ ಪರೀಕ್ಷಿಸುತ್ತದೆ. ಹಾಗೆ ಪಾಸಾದದ್ದನ್ನು ಮೊದಲು ನೋಡದ ಡೇಟಾದ ಮೇಲೆ ಓಡಿಸಿ ನೋಡುವ ಕೆಲಸ ನಿಮ್ಮದೇ.

ಪ್ರಾಜೆಕ್ಟಿಗೆ ಒಂದು ವಿಷಯ ಹೇಳಿ.

ಎರಡು ಹೇಳುತ್ತೇನೆ. ಶಿಡ್ಲಘಟ್ಟ ಮತ್ತು ರಾಮನಗರದ ರೇಷ್ಮೆಗೂಡಿನ ಬೆಲೆ ಒಂದೇ ನೊಗದಲ್ಲಿವೆಯಾ, ಅಂತರ ಬಿದ್ದಾಗ ಯಾವುದು ಯಾವುದರ ಕಡೆಗೆ ಸರಿಯುತ್ತದೆ? ಇನ್ನೊಂದು ಚಿನ್ನ. ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು, ನಮ್ಮೂರ ಅಂಗಡಿಯ ರೇಟು ಈಗ ವಿದೇಶದ ಬೆಲೆ, ಡಾಲರ್, ಆಮದು ಸುಂಕದ ಮೇಲೆ ನಿಂತಿದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಸುಂಕ 15%ನಿಂದ 6%ಗೆ ಇಳಿಯಿತು. ಇಳಿದದ್ದರಲ್ಲಿ ಎಷ್ಟು ಭಾಗ, ಎಷ್ಟು ದಿನದಲ್ಲಿ ಗಿರಾಕಿಗೆ ಮುಟ್ಟಿತು? ಉತ್ತರ ನನಗೂ ಬೇಕಾಗಿದೆ.

ಕೆಲಸ ಸಿಗುತ್ತದಾ?

ಬೆಂಗಳೂರಿನಲ್ಲಿ ಬ್ಯಾಂಕುಗಳ ರಿಸ್ಕ್ ವಿಭಾಗ, ಅನಲಿಟಿಕ್ಸ್ ಕಂಪನಿಗಳು ಇಂಥವರನ್ನು ತೆಗೆದುಕೊಳ್ಳುತ್ತವೆ. ಸರ್ಕಾರದ ಕಡೆ ಇಂಡಿಯನ್ ಎಕನಾಮಿಕ್ ಸರ್ವಿಸ್ ಮತ್ತು ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದ ಪರೀಕ್ಷೆಗಳಿವೆ. ಮುಂದೆ ಓದುವ ಆಸೆ ಇದ್ದರೆ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ), ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ. ಸಂದರ್ಶನದಲ್ಲಿ ಗಾರ್ಚ್‌ನ ಸೂತ್ರಕ್ಕಿಂತ 'ನಿಮ್ಮ ಡೇಟಾದಲ್ಲಿ ಏನು ತೊಂದರೆ ಇತ್ತು' ಅಂತಲೇ ಜಾಸ್ತಿ ಕೇಳುತ್ತಾರೆ ಅಂತ ಹೋಗಿ ಬಂದವರು ಹೇಳುತ್ತಾರೆ.

ಮೊದಲ ತರಗತಿಗೆ ಏನು ತರಬೇಕು?

ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಲ್ಯಾಪ್‌ಟಾಪ್ ಬೇಡ. ಸೋಮವಾರದಿಂದ ಶನಿವಾರದವರೆಗಿನ ಟೊಮೆಟೊ ಬಾಕ್ಸಿನ ರೇಟನ್ನು ಮಂಡಿಯಲ್ಲೋ ಮನೆಯಲ್ಲೋ ಕೇಳಿ, ನಿಮ್ಮ ಕೈಯಲ್ಲೇ ಬರೆದುಕೊಂಡು ಬನ್ನಿ. ಪ್ರತಿ ಅಂಕಿಯ ಮುಂದೆ ಯಾರು ಹೇಳಿದರು, ಎಷ್ಟು ಹೊತ್ತಿಗೆ ಅಂತಲೂ ಇರಲಿ.